ಬಿಳಚಿಕೊಂಡ ಮಿಗ್, ಹೊಟ್ಟೆಯ ಗೆರೆ ಮತ್ತು ಕಸ್ತೂರ್ಬಾ ರಸ್ತೆಯ ಮರುತ್: ಮಾಡೆಲ್ ವಿಮಾನ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ವಾಯುಪಡೆಯಿಂದ ನಿವೃತ್ತಿಯಾದ ಸುದ್ದಿ ನೋಡಿ 1/72 ಅಳತೆಯ (ನಿಜವಾದ ವಿಮಾನದ 72ನೇ ಒಂದು ಭಾಗದಷ್ಟು) ಕಿಟ್ ತಂದೆ. ಮೂರು ತಿಂಗಳು ಕೂತು ಕಟ್ಟಿದೆ. ಇನಾಮಲ್ ಬಣ್ಣ ಚೆನ್ನಾಗಿಯೇ ಕೂತಿತ್ತು. ಕೊನೆಗೆ ಸ್ಪ್ರೇ ಡಬ್ಬಿಯ ಮ್ಯಾಟ್ ವಾರ್ನಿಶ್ ಹೊಡೆದೆ. ಹತ್ತು ನಿಮಿಷದಲ್ಲಿ ಇಡೀ ವಿಮಾನ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಚಿಕೊಂಡಿತು. ಹಿಡಿದ ಕಡೆಯೆಲ್ಲ ಬೆರಳಿನ ಗುರುತು. ಹೊಟ್ಟೆಯ ಕೆಳಗೆ ಎರಡು ಅರ್ಧಗಳು ಸೇರಿದ ಗೆರೆಯೂ ಎದ್ದು ಕಾಣುತ್ತಿದೆ. ಎಸೆದುಬಿಡಲೇ? – ಜಯನಗರದ ಓದುಗರು

ದಯವಿಟ್ಟು ಎಸೆಯಬೇಡಿ. ಮೂರು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಕೆಟ್ಟಾಗ ಹೊಟ್ಟೆ ಉರಿಯುವುದು ನನಗೆ ಗೊತ್ತು. ಆದರೆ ನೀವು ಹೇಳಿದ ಮೂರೂ ತೊಂದರೆಗಳಿಗೆ ದಾರಿ ಇದೆ, ಮತ್ತು ಮೂರರ ಬೇರೂ ಬೇರೆ ಬೇರೆ.

ಮೊದಲು ಬಿಳಿ ಪೊರೆ. ಸ್ಪ್ರೇ ಡಬ್ಬಿಯ ವಾರ್ನಿಶ್‌ನಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಅಂಗೈ ಮೇಲೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುವ ಹಾಗೆ. ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ. ವಾರ್ನಿಶ್ ಅದನ್ನು ಒಳಗೇ ಸೇರಿಸಿಕೊಂಡು ಗಟ್ಟಿಯಾಗುತ್ತದೆ. ನೀವು ನೋಡುತ್ತಿರುವ ಬಿಳುಪು ಅದೇ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಮಳೆ ನಿಂತ ಮೇಲೆ, ಇದು ತುಂಬ ಜನಕ್ಕೆ ಆಗುತ್ತದೆ. ಕೆಲಸ ಮುಗಿಸಿ ಮನೆಗೆ ಬಂದು ರಾತ್ರಿ ಎಂಟಕ್ಕೆ ಬಾಲ್ಕನಿಯಲ್ಲಿ ವಾರ್ನಿಶ್ ಹೊಡೆಯುವವರೇ ಹೆಚ್ಚು. ಆ ಹೊತ್ತಿಗೆ ಗಾಳಿ ಒದ್ದೆ ಬಟ್ಟೆಯ ಹಾಗಿರುತ್ತದೆ.

ಸರಿಪಡಿಸುವುದು ಹೀಗೆ. ಒಳಗಿನ ಬಣ್ಣ ಪೂರ್ತಿ ಒಣಗಲಿ. ಆಮೇಲೆ ಒಂದು ಒಣ ದಿನ, ಹನ್ನೊಂದರಿಂದ ಮೂರು ಗಂಟೆಯ ನಡುವೆ, ನೀರಿನಲ್ಲಿ ಕರಗುವ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್ ಒಂದು ತೆಳು ಪದರ ಹೊಡೆಯಿರಿ. ಬಿಳುಪಿನ ದೊಡ್ಡ ಭಾಗ ಕಣ್ಣೆದುರೇ ಕರಗಿ ಬಣ್ಣ ಮತ್ತೆ ಕಾಣುತ್ತದೆ, ಏಕೆಂದರೆ ಬೆಳಕನ್ನು ಚೆದುರಿಸುತ್ತಿದ್ದ ಒರಟು ತುಂಬಿಕೊಳ್ಳುತ್ತದೆ. ಒಂದು ದಿನ ಬಿಟ್ಟು ಇನ್ನೊಂದು ಪದರ. ಅದೂ ಒಣಗಿದ ಮೇಲೆ ಮ್ಯಾಟ್, ಆದರೆ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಮ್ಯಾಟ್ ವಾರ್ನಿಶ್‌ನಲ್ಲಿ ಹೊಳಪು ಕಳೆಯಲು ಹಾಕಿದ ಪುಡಿ ತಳದಲ್ಲಿ ಕೂತಿರುತ್ತದೆ. ಅದು ಬೆರೆಯದೆ ಒಂದೇ ಕಡೆ ಬಿದ್ದರೂ ಬೂದಿ ಬಳಿದ ಹಾಗೆ ಕಾಣುತ್ತದೆ. ಗ್ಲಾಸ್ ಪದರ ಹೊಡೆದ ಮೇಲೂ ಎಲ್ಲಾದರೂ ಬಿಳುಪು ಉಳಿದರೆ ಆ ಜಾಗವನ್ನಷ್ಟೇ ನಯವಾದ ವಾಟರ್ ಪೇಪರ್‌ನಿಂದ ಉಜ್ಜಿ ಮತ್ತೆ ಬಣ್ಣ ಕೊಡಬೇಕು. ಕೆಲವು ನೂರು ರೂಪಾಯಿಗೆ ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಅದು ಶೇಕಡ 70 ದಾಟಿದ್ದರೆ ನಾನು ವಾರ್ನಿಶ್ ಮುಟ್ಟುವುದೇ ಇಲ್ಲ.

ಬೆರಳಿನ ಗುರುತಿನ ಕಾರಣ ಇನಾಮಲ್. ಮೇಲೆ ಒಣಗಿದ ಹಾಗೆ ಕಂಡರೂ ಅದು ಒಳಗೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತಿರುತ್ತದೆ. ಅದಕ್ಕೆ ದಿನಗಳೇ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಒಣಗಿದೆಯೇ ಎಂದು ಮುಟ್ಟಿ ನೋಡಬೇಡಿ, ಮೂಗಿನ ಹತ್ತಿರ ಹಿಡಿದು ನೋಡಿ. ಬಣ್ಣದ ವಾಸನೆ ಬರುತ್ತಿದ್ದರೆ ಒಣಗಿಲ್ಲ. ಅಲ್ಲಿಯವರೆಗೆ ಧೂಳು ಬೀಳದಂತೆ ಒಂದು ಸ್ಟೋರೇಜ್ ಡಬ್ಬಿಯನ್ನು ಮೇಲೆ ಕವುಚಿ, ಅಡಿಗೆ ಎರಡು ಕಡ್ಡಿ ಕೊಟ್ಟು ಗಾಳಿಯಾಡಲು ಬಿಡಿ. ಹೇರ್ ಡ್ರೈಯರ್ ಹಿಡಿಯುವುದು, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗಿಡುವುದು ಬೇಡ. ರೆಕ್ಕೆ ಸೊಟ್ಟಗಾದರೆ ಅದಕ್ಕೆ ಮದ್ದಿಲ್ಲ.

ಇನ್ನು ಹೊಟ್ಟೆಯ ಗೆರೆ. ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ, ಏಕೆಂದರೆ ನನಗೆ ಬರುವ ಪತ್ರಗಳಲ್ಲಿ ‘ಬಣ್ಣ ಸರಿಯಾಗಿ ಬರಲಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಬಣ್ಣದ್ದಲ್ಲ, ಅಂಟಿನದು. ಮಿಗ್-21 ಒಂದು ಉದ್ದ ಕೊಳವೆ. ಮೂಗಿನ ತುದಿಯಲ್ಲಿ ಗಾಳಿಬಾಯಿ, ಅದರ ನಡುವೆ ಶಂಕು. ಕೊಳವೆಯನ್ನು ಉದ್ದಕ್ಕೆ ಸೀಳಿದಂತೆ ಎರಡು ಅರ್ಧಗಳಾಗಿ ಕೊಡುವ ಕಿಟ್‌ನಲ್ಲಿ ಗೆರೆ ಅಡಗಿಕೊಳ್ಳಲು ಜಾಗವೇ ಇಲ್ಲ.

ಅಂಟು ಹಚ್ಚಿ ಆಮೇಲೆ ಜೋಡಿಸಬೇಡಿ. ಎರಡೂ ಅರ್ಧಗಳನ್ನು ಅಂಟು ಹಚ್ಚದೆಯೇ ಕೂಡಿಸಿ, ಬೆರಳಲ್ಲಿ ಹಿಡಿದು, ನೀರಿನಂತೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟ್‌ನ ಬ್ರಶ್ ತುದಿಯನ್ನು ಗೆರೆಗೆ ತಾಗಿಸಿ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಗೆರೆ ಅದನ್ನು ತಾನೇ ಎಳೆದುಕೊಳ್ಳುತ್ತದೆ. ಈ ಸಿಮೆಂಟ್ ಗೋಂದಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅರ್ಧ ನಿಮಿಷ ಕಾದು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ. ಕರಗಿದ ಪ್ಲಾಸ್ಟಿಕ್ ಗೆರೆಯುದ್ದಕ್ಕೂ ಸಣ್ಣ ದಾರದ ಹಾಗೆ ಉಬ್ಬಿ ಬರಬೇಕು. ಆ ದಾರ ಎಲ್ಲಿ ತುಂಡಾಗಿದೆಯೋ ಅಲ್ಲಿ ಮುಂದೆ ಬಿರುಕು ಕಾಣುತ್ತದೆ ಎಂದು ತಿಳಿಯಿರಿ. ಬೆರಳನ್ನು ಮಾತ್ರ ಗೆರೆಯ ಮೇಲೆ ಇಡಬೇಡಿ. ಸಿಮೆಂಟ್ ಬೆರಳಿನಡಿಗೂ ಹರಿದು ನಿಮ್ಮ ಹೆಬ್ಬೆಟ್ಟಿನ ಗುರುತನ್ನು ವಿಮಾನದ ಮೇಲೆ ಅಚ್ಚೊತ್ತುತ್ತದೆ. ಎರಡು ದಿನ ಬಿಟ್ಟು ಬ್ಲೇಡಿನ ಬೆನ್ನಿನಿಂದ ಕೆರೆದು, 400, 600, 1000 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಕ್ರಮವಾಗಿ ಉಜ್ಜಿ. ಹೀಗೆ ಮಾಡಿದರೆ ಪುಟ್ಟಿ ಬೇಕಾಗುವುದೇ ಅಪರೂಪ. ಆಮೇಲೆ ಬೂದು ಪ್ರೈಮರ್. ಬಣ್ಣ ಹಿಡಿದುಕೊಳ್ಳಲಿ ಎಂಬುದು ಅರ್ಧ ಕಾರಣ. ನಿಮ್ಮ ಕಣ್ಣಿಗೆ ಕಾಣದ ಗೀರನ್ನೆಲ್ಲ ಅದು ತೋರಿಸಿಕೊಡುತ್ತದೆ ಎಂಬುದು ಇನ್ನರ್ಧ.

ಈಗಿನ ನಿಮ್ಮ ಮಿಗ್‌ಗೆ ಹೊಟ್ಟೆಯ ಭಾಗವನ್ನಷ್ಟೇ ಉಜ್ಜಿ, ಪ್ರೈಮರ್ ಕೊಟ್ಟು, ಕೆಳಬಣ್ಣ ಮತ್ತೆ ಹೊಡೆಯಿರಿ. ಮೇಲಿನ ಹಸಿರು–ಬೂದಿಗೆ ಕೈ ಹಚ್ಚಬೇಡಿ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ. ಯಲಹಂಕದ ಏರೋ ಇಂಡಿಯಾದಲ್ಲಿ ತೇಜಸ್ ನೋಡಿ ಬಂದಾಗಿನಿಂದ ಅದನ್ನೇ ಕಟ್ಟಬೇಕು ಅಂತ ಹಟ. ಯಾವ ಕಿಟ್ ಕೊಡಿಸಲಿ? – ವಿದ್ಯಾರಣ್ಯಪುರದ ತಾಯಿ

ತೇಜಸ್ 2001ರ ಜನವರಿ 4ರಂದು ಮೊದಲು ಹಾರಿದ್ದು ಬೆಂಗಳೂರಿನಲ್ಲೇ. ಮಗನ ಹಟ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೂ ಮೊದಲ ಕಿಟ್ ತೇಜಸ್ ಆಗುವುದು ಬೇಡ ಮೇಡಂ. ಮೊದಲ ಕಿಟ್‌ನಲ್ಲಿ ಭಾಗಗಳು ಒತ್ತಿದರೆ ಕೂರಬೇಕು. ಕೂರದ ಭಾಗವನ್ನು ಉಜ್ಜಿ ಕೂರಿಸುವ ತಾಳ್ಮೆ ಎರಡು–ಮೂರು ಕಿಟ್ ಆದ ಮೇಲೆ ಬರುತ್ತದೆ.

1/72ರಲ್ಲಿ ಸ್ಪಿಟ್‌ಫೈರ್ ಅಥವಾ ಹರಿಕೇನ್ ಕೊಡಿಸಿ. ಎರಡನ್ನೂ ನಮ್ಮ ವಾಯುಪಡೆ ಹಾರಿಸಿದೆ. ಸ್ಪಿಟ್‌ಫೈರ್‌ನ ರೆಕ್ಕೆ ಈ ಅಳತೆಯಲ್ಲಿ ತುದಿಯಿಂದ ತುದಿಗೆ ಸುಮಾರು 15.6 ಸೆಂಟಿಮೀಟರ್, ಮಗುವಿನ ಅಂಗೈಗೆ ಸರಿಯಾದ ಗಾತ್ರ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿದ್ದ ವಿಮಾನಗಳ ವೃತ್ತಚಿಹ್ನೆಯಿಂದ (ಯಾವ ವಾಯುಪಡೆಯದೆಂದು ತೋರಿಸುವ ದುಂಡು ಗುರುತು) ಕೆಂಪನ್ನು ತೆಗೆದುಹಾಕಿ ನೀಲಿ–ತಿಳಿನೀಲಿ ಮಾಡಿದ್ದರು, ಜಪಾನಿನ ಕೆಂಪು ಸೂರ್ಯ ಎಂದು ಯಾರೂ ತಪ್ಪು ತಿಳಿಯಬಾರದೆಂದು. ಇಂಥದ್ದನ್ನು ಮಗನಿಗೆ ಹೇಳಿ. ಡೆಕಾಲ್ (ಚಿಹ್ನೆ, ನಂಬರುಗಳ ತೆಳು ಅಂಟುಚಿತ್ರ) ಅಂಟಿಸುವ ಕೈ ತಾನಾಗಿ ನಿಧಾನವಾಗುತ್ತದೆ.

ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಬೇಡ. ನೀರಿನ ಅಕ್ರಿಲಿಕ್, ಎರಡು ಒಳ್ಳೆಯ ಬ್ರಶ್ ಸಾಕು. ಬಣ್ಣ ಹಾಲಿನಷ್ಟು ತೆಳುವಾಗಿರಲಿ, ಮೂರು ಪದರ ಬಳಿಯಲಿ. ಮೊದಲ ಪದರ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಆಗ ಮಗ ಅತ್ತುಬಿಡಬಹುದು. ಹಾಗೇ ಇರುತ್ತದೆ ಎಂದು ಮೊದಲೇ ಹೇಳಿಡಿ. ಸಿಮೆಂಟ್ ಮತ್ತು ಬ್ಲೇಡ್ ಬಳಸುವಾಗ ಪಕ್ಕದಲ್ಲಿ ನೀವಿರಿ, ಕಿಟಕಿ ತೆರೆದಿರಲಿ.

ಅಂಗಡಿಯಲ್ಲಿ ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಕಿಟ್ ಕಂಡರೆ ಒಂದು ಎಚ್ಚರಿಕೆ. ಅದು ಎರಡು ಸೀಟಿನ ತರಬೇತಿ ವಿಮಾನ, ಬ್ರಿಟನ್ನಿನದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಹಾರಿಸಿದ್ದು ಒಂಟಿ ಸೀಟಿನ ನ್ಯಾಟ್. ಮೂಗು, ರೆಕ್ಕೆ ಎಲ್ಲವೂ ಬೇರೆ. ಡೆಕಾಲ್ ಬದಲಿಸಿದ ಮಾತ್ರಕ್ಕೆ ಅದು ಇದಾಗುವುದಿಲ್ಲ.

ಪ್ರಶ್ನೆ: ಎಚ್‌ಎಫ್-24 ಮರುತ್ ಕಟ್ಟಬೇಕೆಂದಿದ್ದೇನೆ. ಒಂದೊಂದು ಫೋಟೊದಲ್ಲಿ ಒಂದೊಂದು ಬಣ್ಣ. ಯಾವುದನ್ನು ನಂಬಲಿ? – ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ

ನಿಮ್ಮ ಪತ್ರ ಓದಿ ನನಗೆ ತುಂಬ ಸಂತೋಷವಾಯಿತು. ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಮತ್ತು ಎಚ್‌ಎಎಲ್‌ನ ಎಂಜಿನಿಯರುಗಳು ಈ ಊರಿನಲ್ಲಿ ರೂಪಿಸಿ, 1961ರ ಜೂನ್ 17ರಂದು ಈ ಊರಿನ ಆಕಾಶದಲ್ಲೇ ಮೊದಲು ಹಾರಿದ ಜೆಟ್ ಅದು. ಇಲ್ಲಿ ಓದುವ ಹುಡುಗರು ಅದನ್ನು ಕೈಯಾರೆ ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ.

ಫೋಟೊ ಹುಡುಕುವ ಮೊದಲು ಬಸ್ಸು ಹತ್ತಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮರುತ್ ಇದೆ, ಎಚ್‌ಎಎಲ್‌ನ ಹೆರಿಟೇಜ್ ಸೆಂಟರಿನಲ್ಲಿ ಇನ್ನೊಂದು. ಆದರೆ ಅಲ್ಲಿ ಬಣ್ಣ ನೋಡಬೇಡಿ. ಪ್ರದರ್ಶನದ ವಿಮಾನಕ್ಕೆ ಬಿಸಿಲು, ಮಳೆಯಿಂದ ಉಳಿಸಲು ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಅದು ಸ್ಕ್ವಾಡ್ರನ್‌ನಲ್ಲಿದ್ದಾಗಿನ ಬಣ್ಣವಲ್ಲ. ನೋಡಬೇಕಾದದ್ದು ಆಕಾರ. ಬದಿಗಳ ಗಾಳಿಬಾಯಿ, ಮೂಗಿನಲ್ಲಿದ್ದ 30 ಮಿಲಿಮೀಟರ್‌ನ ನಾಲ್ಕು ಏಡನ್ ಫಿರಂಗಿಗಳ ಜಾಗ, ಎರಡು ಆರ್ಫಿಯಸ್ ಎಂಜಿನ್‌ಗಳು ಅಕ್ಕಪಕ್ಕ ಕೂರಲು ಹಿಂದೆ ಅಗಲವಾದ ಸೊಂಟ. ಕೆಳಗೆ ಬಗ್ಗಿ ಚಕ್ರದ ಗೂಡಿನೊಳಗೆ ನೋಡಿ. ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಪೆನ್ಸಿಲ್‌ನಲ್ಲಿ ಗೀಚಿಕೊಳ್ಳಿ. ಕ್ಯಾಮೆರಾ ತೆಗೆಯುವುದಕ್ಕಿಂತ ಗೀಚುವುದು ಮೇಲು. ಗೀಚಬೇಕಾದರೆ ನಿಂತು ನೋಡಲೇಬೇಕು.

ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಅಗಲ 9 ಮೀಟರ್. ಅಂದರೆ 1/72ರಲ್ಲಿ 22 ಸೆಂಟಿಮೀಟರ್ ಮತ್ತು 12.5 ಸೆಂಟಿಮೀಟರ್. ಕಿಟ್ ತೆರೆದ ಕೂಡಲೇ ಸ್ಕೇಲ್ ಹಿಡಿದು ಇದನ್ನು ಪರೀಕ್ಷಿಸಿ.

ಬಣ್ಣಕ್ಕೆ ನನ್ನ ಕ್ರಮ ಇದು. ಒಂದು ನಿರ್ದಿಷ್ಟ ವಿಮಾನ, ಒಂದು ನಿರ್ದಿಷ್ಟ ವರ್ಷ ಆರಿಸಿಕೊಳ್ಳಿ. ಬಾಲದ ನಂಬರು ಓದಲು ಬರುವ, ಸೇವೆಯಲ್ಲಿದ್ದಾಗಿನ ಫೋಟೊ ಸಿಕ್ಕಿದರೆ ಅದೊಂದನ್ನೇ ಹಿಡಿಯಿರಿ. ಹಳೆಯ ಕಲರ್ ಫೋಟೊಗಳಲ್ಲಿ ಬಣ್ಣ ಬದಲಾಗಿರುತ್ತದೆ. ಅದಕ್ಕೆ ಅದೇ ಫೋಟೊದಲ್ಲಿರುವ ವೃತ್ತಚಿಹ್ನೆಯನ್ನು ನೋಡಿ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಿಳಿ ಹಳದಿಗೆ ತಿರುಗಿದ್ದರೆ ಉಳಿದ ಬಣ್ಣಗಳೂ ಅಷ್ಟೇ ತಿರುಗಿವೆ ಎಂದು ಲೆಕ್ಕ ಹಾಕಿ. ಕೊನೆಗೆ ನೀವು ಆರಿಸಿದ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಅಥವಾ ತಿಳಿಬೂದು ಬೆರೆಸಿ. ದೂರದ ನಂದಿಬೆಟ್ಟ ಹತ್ತಿರದ ಮರಕ್ಕಿಂತ ತಿಳಿಯಾಗಿ ಕಾಣುತ್ತದಲ್ಲ, ಸಣ್ಣ ಮಾಡೆಲ್‌ಗೂ ಆ ತಿಳಿ ಬೇಕು. ನಿಜವಾದ ಬಣ್ಣವನ್ನೇ ಹಚ್ಚಿದರೆ ಅದು ಕಪ್ಪಾಗಿ, ಆಟಿಕೆಯಂತೆ ಕಾಣುತ್ತದೆ.

ಪ್ಯಾನೆಲ್ ಗೆರೆಗಳಿಗೆ (ವಿಮಾನದ ಹೊದಿಕೆಯ ಹಾಳೆಗಳು ಸೇರುವ ಗೆರೆಗಳು) ಕಡುಕಪ್ಪು ತುಂಬಬೇಡಿ. ಅಂಗಳದ ಮರುತ್‌ನಿಂದ ಹತ್ತು ಹೆಜ್ಜೆ ಹಿಂದೆ ಬಂದು ನೋಡಿ, ಎಷ್ಟು ಗೆರೆ ಕಾಣುತ್ತವೆ? ಅಷ್ಟೇ ತೋರಿಸಿ.

ಪ್ರಶ್ನೆ: ಎರಡು ಬೆಡ್‌ರೂಮಿನ ಫ್ಲ್ಯಾಟ್, ಮನೆಯಲ್ಲಿ ಪುಟ್ಟ ಮಗು. ಎನ್-95 ಮಾಸ್ಕ್ ಹಾಕಿಕೊಂಡು ಲ್ಯಾಕರ್ ಬಣ್ಣ (ಘಾಟು ದ್ರಾವಕದ ಬಣ್ಣ) ಸ್ಪ್ರೇ ಮಾಡಬಹುದೇ? – ಮಾರತ್ತಹಳ್ಳಿ

ಬೇಡ. ಎನ್-95 ಬಣ್ಣದ ಕಣಗಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕೇ ಆಗಬೇಕು. ಎಸ್.ಪಿ. ರೋಡಿನ ಕಡೆ ಸೇಫ್ಟಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ಆದರೆ ಮಾಸ್ಕ್ ನಿಮ್ಮನ್ನು ಮಾತ್ರ ಕಾಯುತ್ತದೆ, ಮಗು ಅದೇ ಗಾಳಿ ಉಸಿರಾಡುತ್ತದೆ. ಮಗು ದೊಡ್ಡದಾಗುವವರೆಗೆ ನೀರಿನ ಅಕ್ರಿಲಿಕ್‌ಗೆ ಬನ್ನಿ, ಅದನ್ನೂ ಗಾಳಿ ಹೊರಗೆ ತಳ್ಳುವ ಫ್ಯಾನಿನ ಮುಂದೆ ಹೊಡೆಯಿರಿ. ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್‌ನ ಒತ್ತಡ 15ರಿಂದ 20 ಪಿಎಸ್‌ಐ ಸಾಕು, ಮತ್ತು ಪೈಪಿನ ನಡುವೆ ನೀರು ಹಿಡಿಯುವ ಟ್ರ್ಯಾಪ್ ಇರಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಬಣ್ಣದ ನಡುವೆ ನೀರಿನ ಹನಿ ಉಗುಳುತ್ತದೆ.

ಪ್ರಶ್ನೆ: ಸೂಪರ್ ಗ್ಲೂ ಹಾಕಿ ಅಂಟಿಸಿದ ಕ್ಯಾನೊಪಿ (ಪೈಲಟ್ ಸೀಟಿನ ಮೇಲಿನ ಪಾರದರ್ಶಕ ಮುಚ್ಚಳ) ಒಳಗಡೆ ಮಂಜಾಗಿದೆ. ಏನು ಮಾಡಲಿ? – ಮಲ್ಲೇಶ್ವರ

ಸೂಪರ್ ಗ್ಲೂ ಒಣಗುವಾಗ ಬಿಡುವ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿಯಾಗಿ ಕೂರುತ್ತದೆ. ಕ್ಯಾನೊಪಿಯನ್ನು ತೆಳು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ. ಒಳಭಾಗವನ್ನು 2000 ನಂಬರಿನ ಒದ್ದೆ ವಾಟರ್ ಪೇಪರ್‌ನಿಂದ, ಆಮೇಲೆ ಬಿಳಿ ಟೂತ್‌ಪೇಸ್ಟ್ ಹಚ್ಚಿದ ಹತ್ತಿಬಟ್ಟೆಯಿಂದ ಸುತ್ತಿ ಸುತ್ತಿ ತಿಕ್ಕಿ. ಮತ್ತೆ ಅಂಟಿಸಲು ಮರಗೆಲಸದ ಬಿಳಿ ಫೆವಿಕಾಲ್ ಸಾಕು. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದುಕೊಂಡು ಅಂಚಿಗೆ ಸವರಿ, ಕ್ಯಾನೊಪಿ ಕೂರಿಸಿ, ಹೊರಗೆ ಬಂದದ್ದನ್ನು ಒದ್ದೆ ಬ್ರಶ್‌ನಿಂದ ಒರೆಸಿ. ಬಿಳಿಯಾಗಿ ಕಂಡಿತೆಂದು ಗಾಬರಿಯಾಗಬೇಡಿ. ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಗಾಜಿನಂತೆ ತಿಳಿಯಾಗಿರುತ್ತದೆ.