ಗವರ್ನರ್ ಅಂದ್ರೆ ರಾಜ್ಯಪಾಲರಲ್ಲ, ಅಜ್ಜ!

ಪ್ರಶ್ನೆ: ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಈಗ ಆರು ತಿಂಗಳಿಗೆ ಅಂತ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದೇನೆ. ನಾಲ್ಕನೇ ಕ್ಲಾಸಿನ ಮೊಮ್ಮಗಳಿಗೆ ಇಲ್ಲಿಯ ಸರ್ಕಾರದ ಪಾಠ ನಡೆಯುತ್ತಿದೆ. "ಗವರ್ನರ್‌ನ ಯಾರು ಆರಿಸ್ತಾರೆ ಅಜ್ಜ?" ಅಂದಳು. "ಪ್ರೆಸಿಡೆಂಟ್ ನೇಮಿಸ್ತಾರೆ" ಅಂದೆ. ಟೆಸ್ಟಿನಲ್ಲೂ ಹಾಗೇ ಬರೆದು ಬಂದಳು. ತಪ್ಪು ಅಂತ ಕೆಂಪು ಗೆರೆ ಬಿತ್ತು. ಈಗ ನಾನು ಏನು ಹೇಳಿದರೂ ಒಂದು ಸಲ ಅವರಮ್ಮನ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಫೆಡರಲ್ಲು, ಸ್ಟೇಟು ಅಂತ ಇವರದ್ದು ಏನು ಲೆಕ್ಕ? ಮಗುವಿಗೆ ಹೇಗೆ ಹೇಳಿಕೊಡಲಿ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ಮೇಷ್ಟ್ರೇ, ನಮಸ್ಕಾರ. ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಈ ದೇಶಕ್ಕೆ ಬಂದು ಒಂಬತ್ತು ವರ್ಷ ಆದಮೇಲೆ. ನಿಮಗೆ ವಿಷಯ ಗೊತ್ತಿಲ್ಲ ಅಂತಲ್ಲ. ಊರಿನ ಪದಗಳೇ ಇಲ್ಲೂ ಇವೆ, ಆದರೆ ಆ ಹೆಸರಿನ ಮನುಷ್ಯರು ಬೇರೆ. ಅಲ್ಲೇ ಎಡವುತ್ತೇವೆ.

ಗವರ್ನರ್ ಅಂದ ತಕ್ಷಣ ನಮಗೆ ರಾಜಭವನ ಕಣ್ಮುಂದೆ ಬರುತ್ತದೆ, ದೆಹಲಿಯಿಂದ ಬಂದವರು ಅನ್ನುವುದೂ ಜೊತೆಗೇ ಬರುತ್ತದೆ. ಇಲ್ಲಿಯ ಗವರ್ನರ್ ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಶಾಸಕರು ಸೇರಿ ಆರಿಸಿದವರಲ್ಲ, ರಾಜ್ಯದ ಜನ ನೇರವಾಗಿ ಓಟು ಹಾಕಿ ಗೆಲ್ಲಿಸಿದವರು. ಅವರನ್ನು ಮನೆಗೆ ಕಳಿಸುವ ಅಧಿಕಾರ ಪ್ರೆಸಿಡೆಂಟ್‌ಗೆ ಇಲ್ಲ. 1989ರಲ್ಲಿ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ತಂದರಲ್ಲ, ಅಂಥದ್ದಕ್ಕೆ ಇಲ್ಲಿ ದಾರಿಯೇ ಇಲ್ಲ.

ಇನ್ನೊಂದು ಗುಂಡಿ ಕಾಂಗ್ರೆಸ್. "ಕಾಂಗ್ರೆಸ್ ಕಾನೂನು ಮಾಡುತ್ತದೆ" ಅಂತ ಮೊಮ್ಮಗಳು ಓದಿದರೆ ಅದು ಪಕ್ಷ ಅಲ್ಲ, ಪಾರ್ಲಿಮೆಂಟು. ನಮ್ಮ ಮಾವನವರು ಬಂದಿದ್ದಾಗ ಟಿವಿ ನೋಡುತ್ತಾ "ಇಲ್ಲೂ ಕಾಂಗ್ರೆಸ್‌ನೋರದ್ದೇ ಗಲಾಟೆನಾ?" ಅಂದಿದ್ದರು. ಸೆಕ್ರೆಟರಿ ಅಂದರೆ ಐಎಎಸ್ ಅಧಿಕಾರಿಯಲ್ಲ, ಮಂತ್ರಿ. ಅವರು ಕಾಂಗ್ರೆಸ್ ಸದಸ್ಯರಾಗಿರುವ ಹಾಗಿಲ್ಲ, ಆಗಿದ್ದರೆ ಆ ಸೀಟು ಬಿಟ್ಟು ಬರಬೇಕು. ಇದರಲ್ಲಿ ಮಕ್ಕಳನ್ನು ಸುಸ್ತು ಮಾಡುವುದು ಸೆಕ್ರೆಟರಿ ಆಫ್ ಸ್ಟೇಟ್. ಹೆಸರಲ್ಲಿ ಸ್ಟೇಟ್ ಇದೆ, ವಾಷಿಂಗ್ಟನ್ನಿನಲ್ಲಿ ಕೂತಿರುವವರು ಮಾತ್ರ ಇಡೀ ದೇಶದ ವಿದೇಶಾಂಗ ಮಂತ್ರಿ. ಅದೇ ಹೆಸರಿನವರು ನ್ಯೂಜೆರ್ಸಿ ಸರ್ಕಾರದಲ್ಲೂ ಒಬ್ಬರಿದ್ದಾರೆ, ಅವರಿಗೂ ವಿದೇಶಕ್ಕೂ ಸಂಬಂಧವಿಲ್ಲ. ಮಗು ತಲೆ ಕೆರೆದುಕೊಳ್ಳದೆ ಇನ್ನೇನು ಮಾಡೀತು?

ನೀವು ಮೇಷ್ಟ್ರು, ನಿಮಗೆ ಬುಡದಿಂದ ಹೇಳಬೇಕು. ನಮ್ಮಲ್ಲಿ ದೇಶ ಮೊದಲು, ರಾಜ್ಯ ಆಮೇಲೆ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಗುವುದಕ್ಕೂ ಪಾರ್ಲಿಮೆಂಟಿನ ಕಾಯ್ದೆ ಬೇಕಾಯಿತು. 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಯಿತು. ಇಲ್ಲಿ ಉಲ್ಟಾ. ಹದಿಮೂರು ರಾಜ್ಯಗಳು ಮೊದಲೇ ಇದ್ದವು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದರು, ಅದಕ್ಕೆ ಒಂದೊಂದೇ ರಾಜ್ಯ ಒಪ್ಪಿಗೆ ಕೊಡುತ್ತಾ ಬಂತು. ನಿಮ್ಮ ಮಗಳಿರುವ ನ್ಯೂಜೆರ್ಸಿ ಮೂರನೆಯದು. ಸಂವಿಧಾನದಲ್ಲಿ ಕೇಂದ್ರಕ್ಕೆ, ಅಂದರೆ ಫೆಡರಲ್ ಸರ್ಕಾರಕ್ಕೆ, ಬರೆದುಕೊಟ್ಟಷ್ಟು ಕೇಂದ್ರಕ್ಕೆ, ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ ಅಂತ 1791ರ ಹತ್ತನೇ ತಿದ್ದುಪಡಿ ಹೇಳುತ್ತದೆ. ಒಂದು ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆಯೇ ಹೂಂ ಅನ್ನಬೇಕು.

ಇದು ನಿಮಗೆ ಹೇಳಿದ್ದು. ಮೊಮ್ಮಗಳಿಗೆ ಇಲ್ಲಿಂದ ಶುರು ಮಾಡಬೇಡಿ. ನಾನು ಮಾಡಿ ಕೆಟ್ಟಿದ್ದೇನೆ. ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕಾಂಗ್ರೆಸ್, ಪ್ರೆಸಿಡೆಂಟ್, ಕೋರ್ಟ್ ಅಂತ ಮೂರು ಕೊಂಬೆಯ ಮರ ಬಿಡಿಸಿ ಫ್ರಿಜ್ಜಿಗೆ ಅಂಟಿಸಿದ್ದೆ. ಕಾಂಗ್ರೆಸ್ಸಿನ ಕೆಳಮನೆ ಹೌಸ್‌ನಲ್ಲಿ 435, ಮೇಲ್ಮನೆ ಸೆನೆಟ್‌ನಲ್ಲಿ 100, ಸುಪ್ರೀಂ ಕೋರ್ಟಿನಲ್ಲಿ 9. ಮಗ್ಗಿ ಹೇಳಿದ ಹಾಗೆ ಒಪ್ಪಿಸುತ್ತಿದ್ದ. ಒಂದು ದಿನ "ನಮ್ಮ ಬೀದಿ ಕೊನೆಯ ಸ್ಟಾಪ್ ಬೋರ್ಡ್ ಯಾರು ಹಾಕಿದ್ದು?" ಅಂದೆ. "ಪ್ರೆಸಿಡೆಂಟ್" ಅಂದ.

ಅವನಿಗೆ ಸ್ಟೇಟ್ ಅಂದರೇನು ಅಂತ ಅರ್ಥವಾಗಿದ್ದು ಆಟದ ಸಾಮಾನಿನ ಅಂಗಡಿಯ ಕೌಂಟರಿನಲ್ಲಿ. ಅಜ್ಜಿ ಕೊಟ್ಟ ಹತ್ತು ಡಾಲರ್ ನೋಟು ಹಿಡಿದು ಬಂದಿದ್ದ. ಬಾಕ್ಸಿನ ಮೇಲೆ 9.99 ಅಂತ ಚೀಟಿ. ಒಂದು ಸೆಂಟ್ ವಾಪಸ್ ಬರುತ್ತದೆ ಅಂತ ಕೈ ಚಾಚಿಕೊಂಡೇ ನಿಂತಿದ್ದ. ಕೌಂಟರಿನ ಹುಡುಗಿ 10.65 ಅಂದಳು. ಇವನ ಮುಖ ಇಷ್ಟಾಯಿತು. ಉಳಿದ 65 ಸೆಂಟ್ ನಾನೇ ಕೊಟ್ಟೆ, ಆದರೆ ಕಾರಿನಲ್ಲಿ ಅವನ ಸಿಟ್ಟು ಇಳಿಯಲಿಲ್ಲ. "ಯಾರು ತಗೊಂಡಿದ್ದು ಅದನ್ನ?" ನಮ್ಮ ರಾಜ್ಯದ ರಾಜಧಾನಿ ಟ್ರೆಂಟನ್ನಿನವರು ಕಣೋ ಅಂದೆ. ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ 6.625 ಪರ್ಸೆಂಟ್. ನಮ್ಮ ಜಿಎಸ್‌ಟಿ ಥರ ದೇಶಕ್ಕೆಲ್ಲ ಒಂದು ಅಂತ ಇಲ್ಲ. ವಾಷಿಂಗ್ಟನ್ನಿಗೆ ಇದರಲ್ಲಿ ಒಂದು ಕಾಸೂ ಹೋಗಲ್ಲ. ಪಕ್ಕದ ರಾಜ್ಯ ಡೆಲವೇರ್‌ಗೆ ಹೋಗಿದ್ದರೆ ಸೇಲ್ಸ್ ಟ್ಯಾಕ್ಸೇ ಇಲ್ಲ, ಒಂದು ಸೆಂಟ್ ವಾಪಸ್ ಬರುತ್ತಿತ್ತು. "ಹಾಗಾದ್ರೆ ಡೆಲವೇರ್‌ಗೆ ಹೋಗೋಣ" ಅಂದ. ಅರ್ಥವಾಯಿತಲ್ಲ, ಅಷ್ಟು ಸಾಕಾಯಿತು ನನಗೆ!

ನಿಮ್ಮ ಅಳಿಯಂದಿರ ಕಾರಿನಲ್ಲಿ ಫಿಲಡೆಲ್ಫಿಯಾ ಕಡೆ ಹೋಗುವಾಗಲೂ ಒಂದು ತಮಾಷೆ ತೋರಿಸಿ. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ಬಂಕಿನವರೇ ಹಾಕಬೇಕು. ನಾವೇ ಹಾಕಿಕೊಳ್ಳುವ ಹಾಗಿಲ್ಲ. 1949ರ ಕಾನೂನು ಅದು. ಡೆಲವೇರ್ ನದಿಯ ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾ. ಅಲ್ಲಿ ಅಪ್ಪನೇ ಚಳಿಯಲ್ಲಿ ಇಳಿದು ಹಾಕಬೇಕು. ಅದೇ ದೇಶ, ಅದೇ ಡಾಲರ್, ಅದೇ ಕಾರು, ನದಿ ದಾಟಿದ ಕೂಡಲೇ ಕಾನೂನು ಬೇರೆ. ನನ್ನ ಮಗ ಮರದ ಚಿತ್ರ ಮರೆತ, ಇದನ್ನು ಮರೆತಿಲ್ಲ.

ಇನ್ನು ಮನೆಯಲ್ಲಿ ಮಾಡುವುದು. ಒಂದು ವಾರದ ಟಪಾಲನ್ನು ಬಿಸಾಡದೆ ಇಟ್ಟುಕೊಳ್ಳಿ. ನಾಲ್ಕು ಸ್ಟೀಲ್ ಡಬ್ಬಿ ತೆಗೆದು ಫೆಡರಲ್, ಸ್ಟೇಟ್, ಕೌಂಟಿ, ಊರು ಅಂತ ಚೀಟಿ ಅಂಟಿಸಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಆದರೆ ಡಿಸಿ ಸಾಹೇಬರಿಲ್ಲ, ನ್ಯೂಜೆರ್ಸಿಯಲ್ಲಿ ಚುನಾಯಿತ ಕಮಿಷನರುಗಳು ನಡೆಸುತ್ತಾರೆ. ಈಗ ಒಂದೊಂದೇ ಕಾಗದ ಯಾವ ಡಬ್ಬಿಗೆ ಅಂತ ಅವಳೇ ಹೇಳಲಿ. ಪಾಸ್‌ಪೋರ್ಟ್ ಫೆಡರಲ್ಲಿಗೆ. ಡ್ರೈವಿಂಗ್ ಲೈಸೆನ್ಸ್ ನವೀಕರಣ ಸ್ಟೇಟಿಗೆ. ಕಸದ ಗಾಡಿ ಯಾವ ದಿನ ಬರುತ್ತದೆ ಅನ್ನುವ ಕ್ಯಾಲೆಂಡರ್ ಊರಿಗೆ. ಆಮೇಲೆ ಮನೆ ಕಂದಾಯದ ಬಿಲ್ ಕೊಡಿ. ಅದನ್ನು ಯಾವ ಡಬ್ಬಿಗೂ ಹಾಕಲು ಆಗಲ್ಲ, ಯಾಕಂದ್ರೆ ಕೌಂಟಿಗೆ ಇಷ್ಟು, ಶಾಲೆಗೆ ಇಷ್ಟು, ಊರಿಗೆ ಇಷ್ಟು ಅಂತ ಅದರಲ್ಲೇ ಪಾಲು ಬರೆದಿರುತ್ತದೆ. ನಮ್ಮ ಬಿಲ್ಲಿನಲ್ಲಿ ಶಾಲೆಯ ಪಾಲೇ ಜಾಸ್ತಿ. "ನನ್ನ ಸ್ಕೂಲಿಗೆ ನೀವು ದುಡ್ಡು ಕೊಡ್ತೀರಾ?" ಅಂತ ಮಗ ಬೆರಗಾಗಿದ್ದ. ಎಲ್ಲ ಮುಗಿದ ಮೇಲೆ ಕೊನೆಗೆ ಕೇಳಿ, ಈ ಕಾಗದಗಳನ್ನೆಲ್ಲ ತಂದು ಹಾಕಿದ ಅಂಚೆಯವರು ಯಾವ ಡಬ್ಬಿ? ಫೆಡರಲ್.

ಕಾನೂನು ಹೇಗೆ ಆಗುತ್ತದೆ ಅಂತ ಕೇಳಿದರೆ ವಾಷಿಂಗ್ಟನ್ನಿಗೆ ಹೋಗಬೇಡಿ, ಡೈನೊಸಾರ್ ಕಥೆ ಹೇಳಿ. ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಊರಿನಲ್ಲಿ 1858ರಲ್ಲಿ ಹ್ಯಾಡ್ರೋಸಾರಸ್ ಅನ್ನುವ ಡೈನೊಸಾರಿನ ಎಲುಬು ಸಿಕ್ಕಿತ್ತು. ಪಕ್ಕದ ಊರಿನ ಒಬ್ಬ ಟೀಚರ್ ಮತ್ತು ಅವರ ಶಾಲೆ ಮಕ್ಕಳು ಇದನ್ನು ರಾಜ್ಯದ ಡೈನೊಸಾರ್ ಮಾಡಿ ಅಂತ ಬೆನ್ನು ಬಿದ್ದರು. ರಾಜ್ಯದ ಶಾಸನಸಭೆಯ ಎರಡೂ ಮನೆ ಒಪ್ಪಿ, ಗವರ್ನರ್ ಸಹಿ ಬಿದ್ದು 1991ರಲ್ಲಿ ಅದು ಕಾನೂನಾಯಿತು. ಟ್ರೆಂಟನ್ನಿನ ಸ್ಟೇಟ್ ಹೌಸ್‌ಗೆ ಅವಳನ್ನು ಕರೆದುಕೊಂಡು ಹೋಗಿ. 1792ರ ಕಟ್ಟಡ, ಚಿನ್ನದ ಗುಮ್ಮಟ, ಒಳಗೆ ಕರೆದೊಯ್ದು ತೋರಿಸುತ್ತಾರೆ. ನಮ್ಮ ವಿಧಾನಸೌಧದ ಮುಂದೆ ಇದು ಚಿಕ್ಕದೇ, ಅದನ್ನು ಮೊಮ್ಮಗಳಿಗೆ ಹೇಳಲು ಮರೆಯಬೇಡಿ.

ನಾನು ಸಿಟಿಜನ್ ಪರೀಕ್ಷೆಗೆ ಓದುವಾಗ ನೂರು ಪ್ರಶ್ನೆಯ ಪಟ್ಟಿ ಇತ್ತು. ಹತ್ತು ಕೇಳುತ್ತಿದ್ದರು, ಆರು ಸರಿಯಾದರೆ ಪಾಸು. ಅದರಲ್ಲಿ ರಾಜ್ಯಗಳ ಒಂದು ಅಧಿಕಾರ ಹೇಳಿ ಅನ್ನುವುದೂ ಒಂದು. ಡೈನಿಂಗ್ ಟೇಬಲ್ಲಿನಲ್ಲಿ ನನ್ನನ್ನು ಕೂರಿಸಿ ಪ್ರಶ್ನೆ ಕೇಳಿದವನು ಮಗನೇ. ತಪ್ಪಾದರೆ ಸ್ಕೇಲಿನಿಂದ ಟೇಬಲ್ ಕುಟ್ಟುತ್ತಿದ್ದ. ನೀವೂ ಆ ಜಾಗದಲ್ಲಿ ಕೂತು ನೋಡಿ ಮೇಷ್ಟ್ರೇ. ಅವಳು ಕೇಳಲಿ, ನೀವು ಉತ್ತರ ಹೇಳಿ. ಗವರ್ನರ್ ಪ್ರಶ್ನೆಯನ್ನು ಅವಳು ಮೊದಲೇ ಕೇಳುತ್ತಾಳೆ, ತಯಾರಾಗಿರಿ.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ, ಎಚ್1ಬಿ ವೀಸಾ. ನಮಗೆ ಓಟೇ ಇಲ್ಲ. ಇಲ್ಲೇ ಹುಟ್ಟಿದ ಮಗಳಿಗೆ ಇದನ್ನೆಲ್ಲ ನಾವು ಹೇಳಿಕೊಡುವುದರಲ್ಲಿ ಅರ್ಥ ಇದೆಯಾ?

ಉತ್ತರ: ನಿಮಗೆ ಓಟಿಲ್ಲ, ಆದರೆ ಅವಳಿಗೆ ಹದಿನೆಂಟಕ್ಕೆ ಬರುತ್ತದೆ. ನಿಮ್ಮ ರಾಜಧಾನಿ ಆಸ್ಟಿನ್‌ನ ಶಾಸನಸಭೆ ಎರಡು ವರ್ಷಕ್ಕೊಮ್ಮೆ 140 ದಿನ ಕೂರುತ್ತದೆ ಅಷ್ಟೆ, ಅದಕ್ಕೆ ಕಾಯಬೇಡಿ. ನಿಮ್ಮ ಕಡೆಯ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಬೋರ್ಡಿನ ಮೀಟಿಂಗಿಗೆ ಒಂದು ಸಂಜೆ ಅವಳನ್ನು ಕರೆದುಕೊಂಡು ಹೋಗಿ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಮೊದಲೇ ಹೆಸರು ಬರೆಸಿದರೆ ಎರಡು ನಿಮಿಷ ಮಾತಾಡಲೂಬಹುದು, ಅದಕ್ಕೆ ಸಿಟಿಜನ್ ಆಗಿರಬೇಕಿಲ್ಲ. ನಾನು ಗ್ರೀನ್ ಕಾರ್ಡಿನಲ್ಲಿದ್ದಾಗಲೇ ನಮ್ಮ ಊರಿನಲ್ಲಿ ಶಾಲೆ ಬಸ್ಸಿನ ಸ್ಟಾಪ್ ಬಗ್ಗೆ ಎದ್ದು ನಿಂತು ಮಾತಾಡಿದ್ದೆ, ಕೈ ನಡುಗುತ್ತಿತ್ತು. ಸ್ಟಾಪ್ ಬದಲಾಗಲಿಲ್ಲ. ಆದರೆ ಅಮ್ಮ ಮೈಕಿನಲ್ಲಿ ಮಾತಾಡಿದಳು ಅಂತ ಮಗ ಕ್ಲಾಸಿಗೆಲ್ಲ ಹೇಳಿಕೊಂಡು ಬಂದ. ಹೋಗುವಾಗ ಮಗಳ ಕೈಗೊಂದು ಕಥೆ ಪುಸ್ತಕ, ಸ್ವಲ್ಪ ಚಕ್ಕುಲಿ ಕೊಟ್ಟಿರಿ. ಬಜೆಟ್ ಭಾಗ ಬಹಳ ಎಳೆಯುತ್ತಾರೆ.