‘ದೆಸೆಖೆ’ ಅಂದರೆ ಕೀಲು ತಪ್ಪಿದ್ದಲ್ಲ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಅನುವಾದ ಮಾಡುತ್ತೇನೆ. ಅರ್ಜೆಂಟೀನಾದ ಮೂಳೆ ಡಾಕ್ಟರೊಬ್ಬರ ವರದಿಯಲ್ಲಿ ಬಲ ಮಂಡಿಗೆ ‘ದೆಸೆಖೆ ಎನ್ ವಾರೊ, 8 ಡಿಗ್ರಿ’ ಎಂದಿದೆ. ನನ್ನ ನಿಘಂಟಿನಲ್ಲಿ ಈ ಪದ ಸಿಗಲಿಲ್ಲ. ‘ಮಂಡಿ ಕೀಲು ತಪ್ಪಿದೆ’ ಎಂದು ಬರೆಯಲೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ಕೀಲು ತಪ್ಪುವುದಕ್ಕೆ ಅವರಲ್ಲಿ ‘ಲುಕ್ಸಾಸಿಯೋನ್’ ಎಂಬ ಬೇರೆ ಪದವಿದೆ. ಮಂಡಿ ಕೀಲು ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ನಿಮ್ಮ ಒಂದು ಸಾಲು ಓದಿ ಆ ಮನೆಯವರು ಸುಮ್ನೆ ಗಾಬರಿ ಬೀಳುತ್ತಾರೆ.

‘ಎಖೆ’ ಅಂದರೆ ಅಕ್ಷ. ಗಾಡಿಯ ಅಚ್ಚಿಗೂ ಅದೇ ಪದ. ಮುಂದೆ ‘ದೆಸ್’ ಸೇರಿದರೆ ಅಕ್ಷದಿಂದ ಸರಿದಿದ್ದು ಎಂದರ್ಥ. ಇದನ್ನು ನೋಡಲು ರೋಗಿಯನ್ನು ನಿಲ್ಲಿಸಿ, ಮಂಡಿಚಿಪ್ಪು ನೇರ ಮುಂದಕ್ಕಿರುವ ಹಾಗೆ ಇಟ್ಟು, ಸೊಂಟದಿಂದ ಪಾದದವರೆಗೆ ಇಡೀ ಕಾಲಿನ ಎಕ್ಸ್‌ರೇ ತೆಗೆಯುತ್ತಾರೆ. ತೊಡೆಮೂಳೆಯ ಗುಂಡು ತಲೆಯ ನಡುವಿನಿಂದ ಪಾದದ ಗಂಟಿನ ನಡುವಿಗೆ ಒಂದು ಗೆರೆ ಎಳೆಯುತ್ತಾರೆ. ನೆಟ್ಟಗಿರುವ ಕಾಲಿನಲ್ಲಿ ಅದು ಹೆಚ್ಚು ಕಡಿಮೆ ಮಂಡಿಯ ನಡುವೆಯೇ ಹಾಯುತ್ತದೆ. ಗೆರೆ ಒಳಬದಿಗೆ ಸರಿದರೆ ವಾರೊ. ಕಾಲು ಬಿಲ್ಲಿನ ಹಾಗೆ ಕಾಣುತ್ತದೆ, ಭಾರವೆಲ್ಲ ಮಂಡಿಯ ಒಳಬದಿಗೆ ಬೀಳುತ್ತದೆ. ಹೊರಬದಿಗೆ ಸರಿದರೆ ವಾಲ್ಗೊ, ಆಗ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ನಮ್ಮ ಡಾಕ್ಟರುಗಳು ವೇರಸ್, ವಾಲ್ಗಸ್ ಅನ್ನುವುದು ಇವನ್ನೇ.

ಬಿಲ್ಲುಗಾಲಿನವರಿಗೆ ಸ್ಪ್ಯಾನಿಷ್‌ನಲ್ಲಿ ‘ಎಸ್ತೆವಾದೊ’ ಎಂಬ ಹಳೆಯ ಮಾತೊಂದಿದೆ. ‘ಎಸ್ತೆವಾ’ ಅಂದರೆ ನೇಗಿಲಿನ ಮೇಳಿ. ಬಾಗಿದ ಮೇಳಿ ನೋಡಿ ಬಾಗಿದ ಕಾಲಿಗೆ ಹೆಸರಿಟ್ಟಿದ್ದಾರೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನನಗೆ ಈ ಪದ ತುಂಬಾ ಇಷ್ಟ. ಆದರೆ ವರದಿಯಲ್ಲಿ ಇದನ್ನು ಬಳಸಬೇಡಿ.

ನಾನಾದರೆ ಹೀಗೆ ಬರೆಯುತ್ತೇನೆ: ‘ಬಲ ಮಂಡಿಯಲ್ಲಿ ಕಾಲಿನ ಅಕ್ಷ 8 ಡಿಗ್ರಿ ವೇರಸ್ ಕಡೆಗೆ ಬಾಗಿದೆ.’ ದಿಕ್ಕು ಬಿಡಬೇಡಿ, ಡಿಗ್ರಿಯನ್ನೂ ಬಿಡಬೇಡಿ. ಆಪರೇಷನ್ ಮಾಡುವವರು ಮೊದಲು ನೋಡುವುದೇ ಅವೆರಡನ್ನು. ‘ವಿಕಲತೆ’ ಎಂಬ ಪದವನ್ನು ನೀವಾಗಿ ಸೇರಿಸಬೇಡಿ. ರೋಗಿ ಮಗುವಾಗಿದ್ದರಂತೂ ಜಾಸ್ತಿ ಎಚ್ಚರ ಬೇಕು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಬಿಲ್ಲುಗಾಲು ಸಾಮಾನ್ಯ. ಮೂರು ನಾಲ್ಕನೇ ವರ್ಷದಲ್ಲಿ ಅದೇ ಮಂಡಿಗಳು ಒಳಕ್ಕೆ ವಾಲುತ್ತವೆ. ಏಳರ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ತಾವಾಗಿಯೇ ಸರಿಹೋಗುತ್ತವೆ.

ಇಂಥ ವರದಿಗಳಲ್ಲಿ ‘ದಿಸಿಮೆತ್ರಿಯಾ’ ಎಂಬ ಪದವೂ ಬರಬಹುದು. ಅದು ಎರಡು ಕಾಲುಗಳ ಉದ್ದದ ವ್ಯತ್ಯಾಸ. ಅದನ್ನು ಬೇರೆ ಸಾಲಿನಲ್ಲಿ, ಸೆಂಟಿಮೀಟರ್ ಸಮೇತ ಬರೆಯಿರಿ.