ಕೈಯಲ್ಲಿ ಪೋಣಿಸಿದ ಮಣಿ ಸರಕ್ಕೆ ಯಾವ ಎಚ್‌ಎಸ್ ಕೋಡ್ ಹಾಕಬೇಕು? ಕೈಕೆಲಸಕ್ಕೆ ಸುಂಕ ಕಡಿಮೆ ಇದೆಯಾ?

ಮನೆಯಲ್ಲೇ ಮಣಿ ಸರ, ಓಲೆ, ಮಣಿ ಹೊಲಿದ ಪರ್ಸು ಮಾಡುತ್ತೀರಿ, ಅಮೆರಿಕದಿಂದ ಮೊದಲ ಆರ್ಡರ್ ಬಂದಿದೆ, ಕೊರಿಯರ್‌ನವರು ಎಚ್‌ಎಸ್ ಕೋಡ್ (ಒಳಗಿರುವುದು ಯಾವ ವಸ್ತು ಅಂತ ಕಸ್ಟಮ್ಸ್‌ಗೆ ಹೇಳುವ ಅಂಕಿ) ಕೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಮೊದಲಿಗೆ ಅಭಿನಂದನೆ. ದೂರದ ಊರಿನವರು ನಿಮ್ಮ ಕೈಕೆಲಸ ನೋಡಿ ದುಡ್ಡು ಕೊಡಲು ಮುಂದೆ ಬಂದಿದ್ದಾರೆ, ಅದು ಸಣ್ಣ ವಿಷಯ ಅಲ್ಲ.

ಈಗ ಉತ್ತರ. ಕೈಕೆಲಸಕ್ಕೆ ಅಂತಲೇ ಒಂದು ಕೋಡ್ ಇಲ್ಲ. ಕೈಯಲ್ಲಿ ಮಾಡಿದ್ದಾ, ಯಂತ್ರದಲ್ಲಿ ಮಾಡಿದ್ದಾ ಅಂತ ಈ ಕೋಡ್‌ಗಳ ಪಟ್ಟಿ ಕೇಳುವುದು ಕೆಲವೇ ಕಡೆ. ಪೂರ್ತಿ ಕೈಯಲ್ಲೇ ಬರೆದ ಚಿತ್ರಕ್ಕೆ 9701, ಕೈಯಲ್ಲಿ ನೇಯ್ದ ಟ್ಯಾಪೆಸ್ಟ್ರಿಗೆ (ಚಿತ್ರ ನೇಯ್ದ ಬಟ್ಟೆ) 5805, ಹೀಗೆ. ಮಣಿ ಸರದ ವಿಷಯದಲ್ಲಿ ಕಸ್ಟಮ್ಸ್‌ನವರು ನೋಡುವುದು ಮೂರೇ: ಇದು ಈಗ ಏನು? ಯಾವುದರಿಂದ ಆಗಿದೆ? ಯಾತಕ್ಕೆ ಬಳಸುತ್ತಾರೆ?

ನಾನು ಚನ್ನಪಟ್ಟಣದ ಮರದ ಮಣಿಗಳನ್ನು ತಂದು ಸರ ಮಾಡಿಸಿ ಕಳಿಸುತ್ತೇನೆ. ಆಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿ ಥರ ಹೊಳಪು. ಆ ಮಣಿ ಬಿಡಿಯಾಗಿದ್ದರೆ ಅದು ಮರದ ವಸ್ತು, 4421. ಅದನ್ನೇ ಪೋಣಿಸಿ, ಕೊಕ್ಕೆ ಹಾಕಿ, ಕೊರಳಿಗೆ ಹಾಕುವಂತೆ ಮಾಡಿದರೆ ಅದು 7117, ಅಂದರೆ ಇಮಿಟೇಷನ್ ಜ್ಯುವೆಲರಿ. ಆ ಪಟ್ಟಿಯಲ್ಲಿ ಮರಕ್ಕಿರುವ 44ನೇ ಅಧ್ಯಾಯದ ಟಿಪ್ಪಣಿಯೇ ಇಂಥ ಒಡವೆಯನ್ನು ತನ್ನಿಂದ ಹೊರಗಿಡುತ್ತದೆ. ಮಣಿ ಅದೇ, ಬಣ್ಣ ಅದೇ. ಒಂದು ದಾರ, ಒಂದು ಕೊಕ್ಕೆ ಸೇರಿತು, ಅಧ್ಯಾಯವೇ ಬದಲಾಯಿತು.

ಗಾಜಿನ ಮಣಿಗೂ ಇದೇ ಲೆಕ್ಕ. ಬಿಡಿ ಗಾಜಿನ ಮಣಿ 7018. ಸಾಗಿಸಲು ಸುಲಭ ಅಂತ ತಾತ್ಕಾಲಿಕವಾಗಿ ದಾರಕ್ಕೆ ಪೋಣಿಸಿದ ಎಳೆಯೂ ಮಣಿಯೇ. ಸಿದ್ಧ ಸರ ಆದರೆ 7117. ಅಮೆರಿಕದಲ್ಲಿ ಸಾದಾ ಗಾಜಿನ ಮಣಿಗೆ ಮೂಲ ಸುಂಕ ಇಲ್ಲ. ಮರದ ಅಥವಾ ಗಾಜಿನ ಮಣಿಯ ಸರಕ್ಕೆ ಸಾಮಾನ್ಯವಾಗಿ 11%. ಪ್ಲಾಸ್ಟಿಕ್ ಮಣಿಯ ಸರಕ್ಕೆ ಬಹುಪಾಲು ಸೊನ್ನೆ. ಆಲೆಮರದ ಸರಕ್ಕೆ ಸುಂಕ, ಪ್ಲಾಸ್ಟಿಕ್ಕಿಗೆ ಇಲ್ಲ ಅಂತ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಈಗಲೂ ಅದು ಸರಿ ಅನ್ನಿಸುವುದಿಲ್ಲ. ಆದರೆ ಅದಕ್ಕಾಗಿ ಸುಳ್ಳು ಕೋಡ್ ಬರೆಯಬೇಡಿ.

ಯಾಕೆ ಅಂತ ಹೇಳುತ್ತೇನೆ. 2025ರ ನವೆಂಬರಿನಲ್ಲಿ 24 ಸರಗಳ ಒಂದು ಪಾರ್ಸೆಲ್ ಅಮೆರಿಕಕ್ಕೆ ಕಳಿಸಿದೆ. ಕೌಂಟರಿನಲ್ಲಿದ್ದ ಹುಡುಗ ಅವಸರದಲ್ಲಿ 'ಮಣಿಗಳು, ಕರಕುಶಲ ವಸ್ತು' ಅಂತ ಬರೆದು 7018 ಹಾಕಿದ. ನಾನೂ ಓದದೆ ಸಹಿ ಮಾಡಿದೆ. ಅಲ್ಲಿ ಪೆಟ್ಟಿಗೆ ಬಿಚ್ಚಿದ್ದಾರೆ. ಕಾಗದದಲ್ಲಿ ಗಾಜಿನ ಮಣಿ, ಒಳಗೆ ಮರದ ಸರ! 19 ದಿನ ಅಲ್ಲೇ ಕೂತಿತು. ಕೊನೆಗೆ ಗ್ರಾಹಕರ ಕೈ ಸೇರಿದಾಗ ಒಂದೊಂದಾಗಿ ಸುತ್ತಿಟ್ಟಿದ್ದ ಸರಗಳೆಲ್ಲ ಒಂದಕ್ಕೊಂದು ಗಂಟು ಬಿದ್ದಿದ್ದವು. ಅವರು ಕಳಿಸಿದ ಫೋಟೋದಲ್ಲಿ ಒಂದು ಹಳದಿ ಮಣಿಯ ಅರಗು ಚಕ್ಕೆ ಎದ್ದು ಬಿಳಿ ಮರ ಕಾಣುತ್ತಿತ್ತು. ಅದನ್ನು ಪೋಣಿಸಿದ ಹೆಂಗಸಿಗೆ ಆ ಫೋಟೋ ತೋರಿಸಲು ನನಗೆ ಮನಸ್ಸು ಬರಲಿಲ್ಲ.

ಹಿಂದೆ ಇಷ್ಟು ತಲೆಬಿಸಿ ಇರಲಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕವೇ ಇರಲಿಲ್ಲ, ಹಾಗಾಗಿ ಕೋಡ್ ಕಡೆ ಯಾರೂ ಜಾಸ್ತಿ ಗಮನ ಕೊಡುತ್ತಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ಹೋಯಿತು. ನಮ್ಮ ಅಂಚೆ ಇಲಾಖೆಯೂ ಆಗ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಮೂಲ ಸುಂಕದ ಮೇಲೆ ಬೀಳುವ ಹೆಚ್ಚುವರಿ ಸುಂಕ ಆಗಾಗ ಬದಲಾಗುತ್ತದೆ. ಅದನ್ನು ಕಳಿಸುವ ವಾರದಲ್ಲೇ ನೋಡಿಕೊಳ್ಳಿ, ಹಳೇ ಪೋಸ್ಟ್ ನಂಬಬೇಡಿ.

ನಿಮ್ಮ ಓಲೆಗಳೂ 7117ಕ್ಕೇ ಹೋಗುತ್ತವೆ. ಆದರೆ ಒಂದು ವಿಷಯ ನೋಡಿಕೊಳ್ಳಿ. ಅವುಗಳಲ್ಲಿ ನಿಜವಾದ ಮುತ್ತು, ಇಲ್ಲವೇ ಸ್ಫಟಿಕ, ಅಗೇಟು, ಗಾರ್ನೆಟ್ಟು ಥರದ ಕಲ್ಲು ಇದ್ದರೆ ಅದು 7117ರ ವ್ಯಾಖ್ಯೆಯಿಂದಲೇ ಹೊರಗೆ. ಆಗ 7116 ನೋಡಬೇಕು. ಬೆಳ್ಳಿಯ ಒಡವೆಗೆ ಮಣಿ ಕೂರಿಸಿದ್ದರೆ 7113. ಬರೀ ಬೆಳ್ಳಿ ಲೇಪ ಇದ್ದರೆ ತೊಂದರೆ ಇಲ್ಲ, 7117ರಲ್ಲೇ ಉಳಿಯುತ್ತದೆ. ಮಣಿ ಅಂಟಿಸಿದ ಹೇರ್ ಕ್ಲಿಪ್ಪು ಒಡವೆ ಅಲ್ಲ, ಅದು 9615.

ಜಪಮಾಲೆಯನ್ನೂ ಸರ ಅಂತ ಬರೆಯಬೇಡಿ. ಒಡವೆಗಳಿರುವ 71ನೇ ಅಧ್ಯಾಯದ 9ನೇ ಟಿಪ್ಪಣಿ ಮೈಮೇಲೆ ಹಾಕುವ ಒಡವೆಯನ್ನು ಒಂದು ಭಾಗದಲ್ಲಿ ಇಟ್ಟಿದೆ, ಜೊತೆಯಲ್ಲಿ ಒಯ್ಯುವ ಪ್ರಾರ್ಥನೆಯ ಮಣಿಯನ್ನು ಇನ್ನೊಂದು ಭಾಗದಲ್ಲಿ. 7117ರ ವ್ಯಾಖ್ಯೆ ಹೇಳುವುದು ಮೊದಲ ಭಾಗವನ್ನು. ತುಳಸಿಯ 108 ಮಣಿ ಕೊರಳಿಗಾ, ಜಪಕ್ಕಾ ಅನ್ನುವುದು ನಮಗೆ ಮಾತ್ರ ಮುಖ್ಯ ಅಂದುಕೊಂಡಿದ್ದೆ. ಕಸ್ಟಮ್ಸ್ ಪುಸ್ತಕವೂ ಅದನ್ನೇ ಕೇಳುತ್ತದೆ ಅಂತ ತಿಳಿದಾಗ ಆಶ್ಚರ್ಯವಾಯಿತು.

ಪರ್ಸು ಕಷ್ಟದ್ದು. ಕೈಚೀಲಕ್ಕೆ 4202 ಹೊರಮೈ ನೋಡುತ್ತದೆ: ಚರ್ಮವಾ, ಬಟ್ಟೆಯಾ, ಪ್ಲಾಸ್ಟಿಕ್ ಹಾಳೆಯಾ? ಬಟ್ಟೆ ಚೆನ್ನಾಗಿ ಕಾಣುತ್ತಾ ಅಲ್ಲಲ್ಲಿ ಮಣಿ ಇದ್ದರೆ 4202. ಪಾಲಿಯೆಸ್ಟರ್ ಥರದ ಬಟ್ಟೆಯದಾದರೆ ಅಮೆರಿಕದಲ್ಲಿ 17.6%, ಸರಕ್ಕಿಂತ ಜಾಸ್ತಿ. ಬಟ್ಟೆ ಕಾಣದಷ್ಟು ಒತ್ತಾಗಿ ಗಾಜಿನ ಮಣಿ ತುಂಬಿದ್ದರೆ ಗಾಜಿನ ಮಣಿಯ ವಸ್ತುಗಳ ಕಡೆಯ 7018.90ರ ಪ್ರಶ್ನೆ ಏಳುತ್ತದೆ. ಇಲ್ಲಿ ಸುಮ್ನೆ ಊಹೆ ಮಾಡಬೇಡಿ, ಕೇಳಿ. ಅಮೆರಿಕದ ಕಸ್ಟಮ್ಸ್‌ಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಿ ಲಿಖಿತ ರೂಲಿಂಗ್, ಅಂದರೆ ಯಾವ ಕೋಡ್ ಅನ್ನುವ ತೀರ್ಮಾನ, ಕೇಳಬಹುದು. ಫೀಸು ಇಲ್ಲ, ವಕೀಲರೂ ಬೇಡ, ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರುತ್ತದೆ. ಫೋಟೋ, ಅಳತೆ, ಯಾವ ವಸ್ತು ಎಷ್ಟು ಪಾಲು ಇದೆ ಅಂತ ಸರಿಯಾಗಿ ಕೊಡಿ. ಹಳೆಯ ರೂಲಿಂಗ್‌ಗಳೂ ಅವರ ಕ್ರಾಸ್ (CROSS) ಅನ್ನುವ ತಾಣದಲ್ಲಿ ಇವೆ. ಅಲ್ಲಿ ಮಣಿ ಚೀಲ ಅಂತ ಇಂಗ್ಲಿಷಿನಲ್ಲಿ ಹುಡುಕಿ ಓದಿದರೆ ಅವರು ಹೇಗೆ ಯೋಚಿಸುತ್ತಾರೆ ಅಂತ ಗೊತ್ತಾಗುತ್ತದೆ.

ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ಆಮೇಲಿನವು ಆಯಾ ದೇಶದವು. ನಮ್ಮಲ್ಲಿ 8 ಅಂಕಿ, ಅಮೆರಿಕದಲ್ಲಿ 10. ಹಾಗಾಗಿ ನಿಮ್ಮ ಇನ್‌ವಾಯ್ಸಿನ ಕೋಡ್ ಅಲ್ಲಿ ಪೂರ್ತಿ ಹೊಂದದಿದ್ದರೆ ಗಾಬರಿ ಬೇಡ.

ಇನ್ನೊಂದು. ಕೈಕೆಲಸ ಅನ್ನುವುದಕ್ಕೆ ನಮ್ಮ ದೇಶದ ಒಳಗೆ ಬೆಲೆ ಇದೆ. 2018ರಲ್ಲಿ ಜಿಎಸ್‌ಟಿಯಲ್ಲಿ ಕರಕುಶಲ ವಸ್ತುಗಳದ್ದೇ ಒಂದು ಪಟ್ಟಿ ಬಂತು. ಅದರಲ್ಲಿ 7117ರ ಕೆಳಗೆ ಕೈಯಲ್ಲಿ ಮಾಡಿದ ಬೀಜದ, ಮಣಿಯ ಒಡವೆಗಳ ಜೊತೆ ಏಲಕ್ಕಿ ಹಾರದ ಹೆಸರೂ ಇತ್ತು. ಹಾವೇರಿಯ ಏಲಕ್ಕಿ ಹಾರ ಕೊರಳಿಗೆ ಹಾಕಿಸಿಕೊಂಡವರಿಗೆ ಆ ಸಾಲು ಓದಿದರೆ ಖುಷಿಯಾಗುತ್ತದೆ, ಅಲ್ವಾ?

ಈಗ ನಿಮ್ಮ ಡಿಕ್ಲರೇಷನ್. 'ಗಿಫ್ಟ್', 'ಹ್ಯಾಂಡಿಕ್ರಾಫ್ಟ್' ಅಂತ ಬರೆಯಬೇಡಿ. ಹೀಗೆ ಬರೆಯಿರಿ: 'ಹೆಂಗಸರ ಸರ, ಅರಗು ಬಣ್ಣದ ಮರದ ಮಣಿ, ಹತ್ತಿ ದಾರ, ಹಿತ್ತಾಳೆ ಕೊಕ್ಕೆ, ಭಾರತದಲ್ಲಿ ಕೈಯಲ್ಲಿ ಮಾಡಿದ್ದು, 6 ಸರ, ಒಂದಕ್ಕೆ ಇಷ್ಟು ಡಾಲರ್, 7117.90.' ಇದನ್ನೇ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಸರ, ಓಲೆ, ಪರ್ಸಿಗೆ ಬೇರೆ ಬೇರೆ ಸಾಲು. ಇದನ್ನು ಮನೆಯಲ್ಲೇ ಪ್ರಿಂಟ್ ಮಾಡಿಕೊಂಡು ಹೋಗಿ. ಕೌಂಟರಿನವರು ಟೈಪ್ ಮಾಡಿದ ಮೇಲೆ ಒಂದೊಂದು ಅಂಕಿ ನೀವೇ ಓದಿ, ಆಮೇಲೆ ಸಹಿ ಹಾಕಿ. ಪರ್ಸಿನ ಫೋಟೋ ಹಾಕಿದರೆ ಅದರ ಹೊರಮೈ ನೋಡಿ ನನಗೆ ತೋಚಿದ್ದನ್ನು ಹೇಳುತ್ತೇನೆ.